ನಾಲ್ಕು ದಿನ, 350ಕ್ಕೂ ಹೆಚ್ಚು ಸುಂಟರಗಾಳಿ: ಹೇಗೆ ಸಾಧ್ಯ?

ಬೆಳ್ಮುಗಿಲು
ಅಮೆರಿಕದಲ್ಲಿ 2011ರ ಏಪ್ರಿಲ್ 25ರಿಂದ 28ರೊಳಗೆ 350ಕ್ಕೂ ಹೆಚ್ಚು ಸುಂಟರಗಾಳಿ ಎದ್ದವು, 300ಕ್ಕೂ ಹೆಚ್ಚು ಜನ ಸತ್ತರು ಅಂತ ಓದಿದೆ. ಸುಂಟರಗಾಳಿ ಬಾಳುವುದೇ ಕೆಲವು ನಿಮಿಷ ಅಲ್ವಾ? ಹಾಗಿದ್ದರೆ ನಾಲ್ಕು ದಿನ ಬಿಡದೆ ಬಂದಿದ್ದು ಹೇಗೆ? ಮುನ್ನೆಚ್ಚರಿಕೆಯೂ ಇತ್ತಂತೆ, ಆದರೂ ಇಷ್ಟು ಸಾವು ಯಾಕೆ?

ಮೋಡಗಣ್ಣ
ನಾಲ್ಕು ದಿನ ಉಳಿದಿದ್ದು ಸುಂಟರಗಾಳಿ ಅಲ್ಲ, ಅದನ್ನು ಹುಟ್ಟಿಸುವ ವಾತಾವರಣ. ಕೆಳಗೆ ಮೆಕ್ಸಿಕೋ ಕೊಲ್ಲಿಯಿಂದ ಬೆಚ್ಚನೆಯ ತೇವದ ಗಾಳಿ ನುಗ್ಗುತ್ತಿರುತ್ತದೆ, ಮೇಲೆ ಜೆಟ್ ಸ್ಟ್ರೀಮ್, ಅಂದರೆ ಬಹು ಎತ್ತರದಲ್ಲಿ ಹೊಳೆಯಂತೆ ಹರಿಯುವ ಗಾಳಿ, ಬೇರೆ ದಿಕ್ಕಿಗೆ ಭಾರಿ ವೇಗದಲ್ಲಿ ಓಡುತ್ತಿರುತ್ತದೆ, ಇವೆರಡರ ನಡುವೆ ಸಿಕ್ಕ ಗುಡುಗು ಮೋಡ ಇಡಿಯಾಗಿ ತಿರುಗಲು ಶುರು ಮಾಡುತ್ತದೆ. ಅದಕ್ಕೆ ಸೂಪರ್‌ಸೆಲ್ ಅನ್ನುತ್ತಾರೆ. ಜೆಟ್ ಸ್ಟ್ರೀಮ್‌ನ ಬಾಗು ಬೇಗ ಸರಿಯದಿದ್ದರೆ ದಿನಾ ಹೊಸ ಮೋಡ, ಹೊಸ ಸುಂಟರಗಾಳಿ. 2003ರ ಮೇ ತಿಂಗಳಲ್ಲಂತೂ ಇದು ಒಂದು ವಾರಕ್ಕೂ ಜಾಸ್ತಿ ನಡೆಯಿತು.

ಏಪ್ರಿಲ್ 27 ಎಲ್ಲಕ್ಕಿಂತ ಕೆಟ್ಟ ದಿನ. ಅಲಬಾಮಾದ ಟಸ್ಕಲೂಸಾವನ್ನು ಸೀಳಿಕೊಂಡು ಹೋದ ಸುಂಟರಗಾಳಿ ಸುಮಾರು 130 ಕಿಲೋಮೀಟರ್ ನೆಲ ಬಿಡಲಿಲ್ಲ. ಅದನ್ನು ಹೊತ್ತ ಮೋಡ ಮಿಸಿಸಿಪ್ಪಿಯಲ್ಲಿ ಹುಟ್ಟಿ ಏಳು ಗಂಟೆಗೂ ಹೆಚ್ಚು ಬದುಕಿ ನಾರ್ತ್ ಕರೋಲಿನಾ ತಲುಪಿತ್ತು! ನೀವು ಹೇಳಿದ 'ಕೆಲವು ನಿಮಿಷ' ಸಾಧಾರಣ ಸುಂಟರಗಾಳಿಯ ಲೆಕ್ಕ.

ಗಾಳಿಮಾತಲ್ಲ
ಸಾವಿನ ಪ್ರಶ್ನೆಗೆ ನಾನು ಹೇಳುತ್ತೇನೆ. 27ರ ಬೆಳಗಿನ ಜಾವವೇ ಒಂದು ಸಾಲು ಬಿರುಗಾಳಿ ಬಂದು ಹೋಗಿತ್ತು. ಕರೆಂಟ್ ಹೋಯಿತು, ಹವಾಮಾನ ರೇಡಿಯೋದ ಕೆಲವು ಪ್ರಸಾರ ಕೇಂದ್ರಗಳೂ ನಿಂತವು. ಮಧ್ಯಾಹ್ನ ದೊಡ್ಡವು ಬರುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಟಿವಿ ಇಲ್ಲ, ಎಚ್ಚರಿಕೆ ಕೊಟ್ಟರೂ ಕೇಳಿಸುವುದು ಹೇಗೆ? ಬಂದಾಯಿತಲ್ಲ, ಇನ್ನೇನು ಅಂತ ಸುಮ್ನೆ ಕೂತವರೂ ಇದ್ದಿರಬೇಕು. ಜೊತೆಗೆ ಅಲ್ಲಿ ಮೊಬೈಲ್ ಹೋಮ್‌ಗಳು ಜಾಸ್ತಿ. ನೆಲಕ್ಕೆ ಗಟ್ಟಿ ಬೇರಿಲ್ಲದ ಮನೆ, ಸಾಧಾರಣ ಸುಂಟರಗಾಳಿಗೇ ಮಗುಚುತ್ತದೆ. ಸುಂಟರಗಾಳಿಯ ಬಲ ಅಳೆಯುವ ಇಎಫ್ ಮಾಪಕದ ಕೊನೆಯ ಮೆಟ್ಟಿಲು ಇಎಫ್5, ಅಂದರೆ ಗಂಟೆಗೆ 320 ಕಿಲೋಮೀಟರ್ ದಾಟಿದ ಗಾಳಿ, ಅದು ಗಟ್ಟಿ ಮನೆಯನ್ನೂ ಅಡಿಪಾಯದಿಂದ ಗುಡಿಸಿಬಿಡುತ್ತದೆ. ಅಂಥವು ಆ ಒಂದೇ ದಿನ ನಾಲ್ಕು.

ಬೆಳ್ಮುಗಿಲು
ಬೆಳಗಿನದ್ದೇ ಮಧ್ಯಾಹ್ನದ ಎಚ್ಚರಿಕೆಯನ್ನು ನುಂಗಿತು ಅನ್ನಿ. ಇದು ಹೊಳೆದೇ ಇರಲಿಲ್ಲ. ಕಿಟಕಿ ತೆಗೆದಿಟ್ಟರೆ ಮನೆ ಉಳಿಯುತ್ತೆ ಅಂತಾರಲ್ಲ, ನಿಜವಾ?

ಮೋಡಗಣ್ಣ
ಸುಳ್ಳು. ತೆಗೆದರೆ ಗಾಳಿಗೆ ನೀವೇ ದಾರಿ ಕೊಟ್ಟಂತೆ. ಕಿಟಕಿ ಬಿಟ್ಟು ನೆಲಮಾಳಿಗೆಗೆ ಇಳಿಯಿರಿ, ಅದಿಲ್ಲದಿದ್ದರೆ ಕೆಳಮಹಡಿಯ ನಡುಕೋಣೆಗೆ.