ಎರಡು ತಿಂಗಳ ನಾಯಿಮರಿಯನ್ನು ಹೊರಗೆ ಯಾವಾಗ ಬಿಡಬಹುದು?

ಆಲ್ದೂರು ತೋಟದಮನೆ:
ಲ್ಯಾಬ್ರಡಾರ್ ಮರಿ, ಎಂಟು ವಾರ. ಮೊದಲ ಇಂಜೆಕ್ಷನ್ ಆಗಿದೆ. ನಾಲ್ಕು ತಿಂಗಳು ತುಂಬುವ ತನಕ ಹೊಸ್ತಿಲು ದಾಟಿಸಬೇಡಿ ಅಂತ ಕೆಲವರು, ಈಗಿಂದಲೇ ಬಿಟ್ಟು ರೂಢಿ ಮಾಡಿಸಿ ಅಂತ ಇನ್ನು ಕೆಲವರು. ಮುಂದೆ ಕಾಫಿ ಕಣ, ಹಿಂದೆ ತೋಟ, ಗೇಟಿನಾಚೆ ಬೀದಿನಾಯಿಗಳು. ಏನು ಮಾಡಲಿ?

ಪಶುವೈದ್ಯ, ಹಾಸನ:
ಹೊರಗೆ ಕರೆದುಕೊಂಡು ಹೋಗಿ, ಆದರೆ ಬೀದಿಯ ನೆಲಕ್ಕೆ ಇಳಿಸಬೇಡಿ. ಮರಿ ಹೊಸದನ್ನು ಹೆದರದೆ ಒಪ್ಪಿಕೊಳ್ಳುವ ವಯಸ್ಸು ಹೆಚ್ಚುಕಡಿಮೆ 14 ವಾರಕ್ಕೆ ಮುಗಿಯುತ್ತದೆ. ಅಲ್ಲಿವರೆಗೆ ಮನೆಯೊಳಗೇ ಇಟ್ಟರೆ ಆಮೇಲೆ ಆಟೋ, ಹೆಲ್ಮೆಟ್ ಹಾಕಿದವರು, ದನ, ಎಲ್ಲಕ್ಕೂ ಬೆದರುತ್ತದೆ.

ಇತ್ತ ಮರಿಗಳಿಗೆ ರಕ್ತಭೇದಿ ತಂದು ಕೊಲ್ಲುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತ ಇರುತ್ತದೆ. ಒಂದು ಇಂಜೆಕ್ಷನ್ ಸಾಲದು. ತಾಯಿ ಹಾಲಿನಿಂದ ಬಂದ ರಕ್ಷಣೆ ಇನ್ನೂ ಉಳಿದಿದ್ದರೆ ಲಸಿಕೆ ಕೆಲಸ ಮಾಡುವುದಿಲ್ಲ. ಅದು ಯಾವಾಗ ಇಳಿಯುತ್ತದೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಅದಕ್ಕೇ 3–4 ವಾರಕ್ಕೊಮ್ಮೆ, 16 ವಾರ ತುಂಬುವ ತನಕ ಕೊಡುವುದು. ಆ ಕೊನೆಯದನ್ನು ತಪ್ಪಿಸಲೇಬೇಡಿ. ರೇಬೀಸ್ ಲಸಿಕೆ 12 ವಾರಕ್ಕೆ. ಕೊನೆಯ ಡೋಸ್ ಆಗಿ ಎರಡು ವಾರ ಕಳೆದ ಮೇಲೆ ಬೀದಿ.

ಈಗ ದಿನಾ ಹತ್ತು ನಿಮಿಷ ಎತ್ತಿಕೊಂಡು ಡೈರಿ ಹತ್ತಿರವೋ ಬಸ್ ಸ್ಟಾಪಿನಿಂದ ಸ್ವಲ್ಪ ದೂರವೋ ನಿಲ್ಲಿ. ಬೇಯಿಸಿದ ಕೋಳಿ, ಕಡಲೆಕಾಳಿನಷ್ಟು ಚೂರು, ಕೊಡುತ್ತಾ ಇರಿ. ಬಾಲ ಒಳಗೆ ಎಳೆದುಕೊಂಡು ತುಟಿ ನೆಕ್ಕತೊಡಗಿದರೆ ಹೆದರಿದೆ ಎಂದೇ ಅರ್ಥ. ಚೂರು ಮೂಸಿಯೂ ನೋಡದಿದ್ದರೆ ನೀವು ತೀರಾ ಹತ್ತಿರ ನಿಂತಿದ್ದೀರಿ, ಹಿಂದೆ ಸರಿಯಿರಿ.

ಮೂಡಿಗೆರೆ ಕಡೆಯವರು:
ತೋಟದ ಮಾತು ಬೇರೆ. ಕಣದಲ್ಲಿ ಹಣ್ಣು ಹರಡಿದ್ದಾಗ ಮರಿಯನ್ನು ಬಿಡಲೇಬೇಡಿ, ಸಿಹಿ ಸಿಪ್ಪೆಗೆ ಬಾಯಿ ಹಾಕುತ್ತದೆ. ಕಾಫಿಯ ಕೆಫೀನ್ ನಾಯಿಗೆ ವಿಷ: ವಾಂತಿ, ಚಡಪಡಿಕೆ, ಎದೆಬಡಿತ ಜೋರು, ನಡುಕ. ತಿಂದದ್ದು ಕಂಡರೆ ಲಕ್ಷಣಕ್ಕೆ ಕಾಯದೆ ಡಾಕ್ಟರ ಹತ್ತಿರ ಹೋಗಿ. ಇಲಿಪಾಷಾಣ, ಬಸವನಹುಳುವಿಗೆ ಇಡುವ ಮದ್ದು ಎಲ್ಲೆಲ್ಲಿದೆ ಎಂದು ಆಳುಗಳನ್ನು ಕೇಳಿ ತೆಗೆಸಿ.

ರಕ್ತ ಹೀರುವ ಉಣ್ಣಿಯನ್ನು ದಿನಾ ಸಂಜೆ ಹುಡುಕಿ: ಕಿವಿಯೊಳಗೆ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ. ಚಿಮುಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಬೇಡ, ಚರ್ಮ ಸುಡುತ್ತದೆ. ಉಣ್ಣಿಯ ಔಷಧ ತೂಕ ನೋಡಿ ಡಾಕ್ಟರೇ ಕೊಡಲಿ. ಕತ್ತಲಾದ ಮೇಲೆ ಜಗಲಿಯಲ್ಲಿ ಕಟ್ಟಬೇಡಿ, ಚಿರತೆ ಮೊದಲು ಬರುವುದೇ ನಾಯಿಗೆ.

ಆಲ್ದೂರು ತೋಟದಮನೆ:
ತುಂಬಾ ಉಪಕಾರ. ಹಿತ್ತಿಲಲ್ಲಿ ಇಳಿಸಬಹುದಾ? ದಿನಾ ಫಿನಾಯಿಲ್ ಹಾಕಿ ತೊಳೆಯುತ್ತೇವೆ.

ಪಶುವೈದ್ಯ, ಹಾಸನ:
ಫಿನಾಯಿಲ್‌ಗೆ ಪಾರ್ವೊ ಸಾಯುವುದಿಲ್ಲ. ಸಿಮೆಂಟ್ ನೆಲವಾದರೆ ಮೊದಲು ಕಸ, ಮಣ್ಣು ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಯಲು ಬಿಡಿ. ಫಿನಾಯಿಲ್ ಜೊತೆ ಬೆರೆಸಬೇಡಿ. ಒಣಗಿದ ಮೇಲೆ ಮರಿಯನ್ನು ಬಿಡಿ. ಬೀದಿನಾಯಿ ನುಗ್ಗದಂತೆ ಬೇಲಿ ಭದ್ರ ಇರಬೇಕು. ಕಳೆದ ಒಂದು ವರ್ಷದೊಳಗೆ ಆ ಹಿತ್ತಿಲಲ್ಲಿ ಯಾವುದಾದರೂ ಮರಿ ರಕ್ತಭೇದಿಯಿಂದ ಸತ್ತಿದ್ದರೆ, 16 ವಾರದ ಡೋಸ್ ಆಗಿ ಎರಡು ವಾರ ಕಳೆಯುವ ತನಕ ಆ ಮಣ್ಣಿಗೆ ಇಳಿಸಲೇಬೇಡಿ.