ಮಗಳಿಗೆ ಐಸ್ ಹಾಕಿ ಸ್ಕೇಟ್: ಒಂದು ಸೈಜ್ ದೊಡ್ಡದು ತಗೊಂಡ್ರೆ ನಡೀತದಾ?

ಬಟವಾಡಿ ಅಪ್ಪ (ತುಮಕೂರು):

ಎಲ್ಲರಿಗೂ ನಮಸ್ಕಾರ. ಮಗಳಿಗೆ ಹದಿಮೂರು ವರ್ಷ. ಚಿಕ್ಕವಳಿದ್ದಾಗಿಂದ ಇನ್‌ಲೈನ್ ಸ್ಕೇಟಿಂಗ್ ಮಾಡ್ತಾಳೆ, ಸ್ಕೂಲಲ್ಲಿ ಹುಲ್ಲಿನ ಮೇಲಿನ ಹಾಕಿಯನ್ನೂ ಆಡ್ತಾಳೆ. ಈಗ ಎರಡನ್ನೂ ಸೇರಿಸಿ ಐಸ್ ಹಾಕಿ ಕಲೀಬೇಕು ಅಂತ ಹಟ ಹಿಡಿದಿದಾಳೆ. ಜನವರಿಯಲ್ಲಿ ಲೇಹ್‌ಗೆ ತರಬೇತಿಗೆ ಕಳಿಸೋ ಮಾತು ನಡೀತಿದೆ. ತುಮಕೂರಿನಲ್ಲಿ ಐಸ್ ಅಂದ್ರೆ ಕ್ಯಾಂಡಿ ಅಂಗಡಿಯದು ಮಾತ್ರ, ಹಾಗಾಗಿ ಕೇಳೋಕೆ ಯಾರೂ ಸಿಗ್ತಿಲ್ಲ.

ಗುರುಗ್ರಾಮದವರೊಬ್ಬರು ಬಳಸಿದ ಬೌರ್ ಕಂಪನಿಯ ಸ್ಕೇಟ್ ಮಾರ್ತಿದಾರೆ, ಸೈಜ್ 6. ಇವಳ ಬಾಟಾ ಶೂ 5. ಬೆಳೆಯೋ ಕಾಲು, ಎರಡು ವರ್ಷ ಬರಲಿ, ದಪ್ಪ ಸಾಕ್ಸ್ ಹಾಕಿಸಿದ್ರಾಯ್ತು ಅನ್ನೋದು ನನ್ನ ಲೆಕ್ಕ. ಫೋಟೋದಲ್ಲಿ ಬ್ಲೇಡಿನ ಮೇಲೆ ಅಲ್ಲಲ್ಲಿ ತುಕ್ಕು ಕಾಣ್ತದೆ. ಮಂಡಿಪೇಟೆ ಕಡೆ ಕತ್ತಿ, ಕುಡುಗೋಲಿಗೆಲ್ಲ ಸಾಣೆ ಹಿಡಿಯೋರಿದಾರೆ, ಅವರ ಹತ್ರ ಮಾಡಿಸಬಹುದಾ? ಇನ್ನು ಸ್ಟಿಕ್ಕು: ಈಗಿರೋ ಹಾಕಿ ಸ್ಟಿಕ್ಕಲ್ಲೇ ಶುರು ಮಾಡಿದ್ರೆ ಆಗಲ್ವಾ? ಎತ್ತರ ಐದಡಿ, ತೂಕ 42 ಕೆಜಿ. ದಯವಿಟ್ಟು ತಿಳಿದವರು ಹೇಳಿ.

ರಿಂಕ್ ಮೇಷ್ಟ್ರು (ಕ್ಯಾತ್ಸಂದ್ರ):

ಸಾರ್, ನಾನು ಮಕ್ಕಳಿಗೆ ರೋಲರ್ ಸ್ಕೇಟಿಂಗ್ ಹೇಳಿಕೊಡೋನು, ಐಸ್ ಬಗ್ಗೆ ಹೆಚ್ಚು ಮಾತಾಡಲ್ಲ. ಒಂದು ಮಾತ್ರ ಹೇಳ್ತೀನಿ. ನಿಮ್ಮ ಹುಡುಗಿ ಹಾಕೋದು ಸ್ಪೀಡ್ ಸ್ಕೇಟ್ ಆದ್ರೆ ಅದರ ಬೂಟು ಗಿಡ್ಡ, ಪಾದದ ಗಂಟಿಗೆ ಹಿಡಿತ ಕಮ್ಮಿ. ಹಾಕಿ ಬೂಟು ಎತ್ತರ, ಗಟ್ಟಿ. ಮೊದಲು ಕಟ್ಟಿ ಹಾಕಿದಂಗೆ ಅನ್ನಿಸುತ್ತೆ, ಹೆದರಬೇಡಿ. ತಿರುವಿನಲ್ಲಿ ಕಾಲಿನ ಮೇಲೆ ಕಾಲು ಹಾಕೋದು, ಮಂಡಿ ಬಗ್ಗಿಸಿ ಕೂರೋದು ಇವೆಲ್ಲ ಅಲ್ಲಿಗೂ ಬರುತ್ತೆ. ನಿಲ್ಲಿಸೋದು ಮಾತ್ರ ಹೊಸದಾಗಿ ಕಲೀಬೇಕು. ಇಲ್ಲಿ ಹಿಂದಿನ ಕಾಲು ಎಳೆದು ನಿಲ್ಲಿಸ್ತಾರೆ, ಅಲ್ಲಿ ಎರಡೂ ಬ್ಲೇಡನ್ನ ಅಡ್ಡ ತಿರುಗಿಸಿ ಐಸ್ ಕೆರೆದು ನಿಲ್ಲಬೇಕು.

ಚಿಂತಾಮಣಿ ಲೇತು:

ಅಣ್ಣಾ, ದುಡ್ಡು ಕಳಿಸಿಲ್ಲ ತಾನೆ? ಕಳಿಸಿಲ್ಲ ಅಂದ್ರೆ ಪೂರ್ತಿ ಓದಿ ಆಮೇಲೆ ತೀರ್ಮಾನ ಮಾಡಿ.

ನಾನು ಚಿಂತಾಮಣಿಯವನು. ಓದೋಕೆ ಅಂತ ಕೆನಡಾದ ಕ್ಯಾಲ್ಗರಿಗೆ ಹೋಗಿದ್ದಾಗ ಖರ್ಚಿಗೆ ಹಾಕಿ ಸಾಮಾನಿನ ಅಂಗಡೀಲಿ ಸ್ಕೇಟಿಗೆ ಸಾಣೆ ಹಿಡಿಯೋ ಕೆಲಸ ಮಾಡ್ತಿದ್ದೆ. ಚಳಿಗಾಲದ ಶನಿವಾರ ಬೆಳಿಗ್ಗೆ ಅಂಗಡಿ ಮುಂದೆ ಅಪ್ಪಂದಿರ ಸಾಲು ನಿಂತಿರ್ತಿತ್ತು, ಎಲ್ಲರ ಬಾಯಲ್ಲೂ ನಿಮ್ಮದೇ ಮಾತು: ಬೆಳೆಯೋ ಕಾಲು, ಒಂದು ಸೈಜ್ ದೊಡ್ಡದು ಕೊಡಿ. ಊರು ಯಾವುದಾದ್ರೇನು, ಅಪ್ಪಂದಿರ ಲೆಕ್ಕ ಒಂದೇ. ಈಗ ಊರಲ್ಲೇ ಲೇತ್ ವರ್ಕ್‌ಶಾಪ್ ಇಟ್ಕೊಂಡಿದೀನಿ.

ಸೈಜ್ ವಿಷಯ. ಐಸ್ ಹಾಕಿ ಸ್ಕೇಟಿನ ನಂಬರು ಶೂ ನಂಬರಿಗಿಂತ ಒಂದರಿಂದ ಒಂದೂವರೆ ಕಮ್ಮಿ ಇರ್ತದೆ. ಅದೂ ಅಮೆರಿಕದ ಶೂ ನಂಬರಿಗೆ ಹೋಲಿಸಿ. ನಮ್ಮ ಬಾಟಾ ನಂಬರು ಇಂಗ್ಲೆಂಡಿನದು, ಅಮೆರಿಕದ ಗಂಡಸರ ನಂಬರಿಗೆ ತಂದ್ರೆ ಅರ್ಧದಿಂದ ಒಂದು ಮೇಲೆ ಹೋಗ್ತದೆ. ಅಂದ್ರೆ ನಿಮ್ಮ ಹುಡುಗಿಗೆ ಸುಮಾರು 4, 4.5 ಬೇಕಾಗ್ತದೆ. 6 ಅಂದ್ರೆ ಅದರೊಳಗೆ ಕಾಲು ಈಜಾಡ್ತದೆ. ದಪ್ಪ ಸಾಕ್ಸ್ ಹಾಕಿದ್ರೂ ಪ್ರಯೋಜನ ಇಲ್ಲ, ಹಿಮ್ಮಡಿ ಒಳಗೆ ಏಳ್ತಾ ಬೀಳ್ತಾ ಇರ್ತದೆ, ಬೊಬ್ಬೆ ಬರ್ತದೆ. ಅದಕ್ಕಿಂತ ಕೆಟ್ಟದ್ದು ಏನಂದ್ರೆ, ಅವಳು ಒಳಗೆ ವಾಲಿದ್ರೂ ಬ್ಲೇಡು ವಾಲಲ್ಲ. ಕಾಲು ಹೇಳಿದ್ದು ಉಕ್ಕಿಗೆ ತಲುಪಲ್ಲ. ಸ್ಕೇಟಿಂಗ್ ಬರೋ ಹುಡುಗಿ ಅಲ್ಲಿ ಹೋಗಿ ‘ನನಗೆ ಬರಲ್ಲ’ ಅಂತ ಕೂತ್ಕೊಂಡ್ರೆ ಅದಕ್ಕೆ ಬೂಟೇ ಕಾರಣ.

ತೆಳು ಸಾಕ್ಸ್ ಒಂದೇ ಹಾಕಿ ನೋಡ್ಬೇಕು. ನೆಟ್ಟಗೆ ನಿಂತಾಗ ಬೆರಳ ತುದಿ ಬೂಟಿನ ಮುಂದಿನ ಗಟ್ಟಿ ಮೂತಿಗೆ ಸವರಿದಂಗೆ ಇರ್ಬೇಕು, ಮಂಡಿ ಬಗ್ಗಿಸಿದ ತಕ್ಷಣ ಬಿಟ್ಟುಕೊಂಡು ಹಿಮ್ಮಡಿ ಹಿಂದಕ್ಕೆ ಗಟ್ಟಿಯಾಗಿ ಕೂರ್ಬೇಕು. ಬೆಳವಣಿಗೆಗೆ ಅಂತ ಅರ್ಧ ಸೈಜ್ ಬಿಡಿ, ಅದಕ್ಕಿಂತ ಬೇಡ. ಆಮೇಲೆ ಪೆನ್ಸಿಲ್ ಪರೀಕ್ಷೆ: ಲೇಸ್ ಕಟ್ಟದೆ, ಮೇಲಿಂದ ಮೂರನೇ ತೂತಿನ ಹತ್ರ ಬೂಟಿನ ಎರಡು ಅಂಚಿಗೂ ಅಡ್ಡ ಒಂದು ಪೆನ್ಸಿಲ್ ಇಡಿ. ಪೆನ್ಸಿಲ್ಲು ಎರಡೂ ಅಂಚಿಗೆ ಕೂತ್ರೆ ಸರಿ. ಒಳಗಿನ ಕಾಲು ನಾಲಿಗೆ ಸಮೇತ ಅದನ್ನ ಮೇಲಕ್ಕೆ ತಳ್ತಿದ್ರೆ ಆ ಬೂಟಿನ ಆಳ ಇವಳ ಕಾಲಿಗೆ ಸಾಲ್ದು. ಅಗಲದಲ್ಲೂ ಬೇರೆ ಬೇರೆ ಇದೆ. ಕಿರಿದರಿಂದ ಅಗಲಕ್ಕೆ ಬೌರ್‌ನವರು ಫಿಟ್ 1, 2, 3 ಅಂತಾರೆ, ಸಿಸಿಎಂನವರು ಟೇಪರ್ಡ್, ರೆಗ್ಯುಲರ್, ವೈಡ್ ಅಂತಾರೆ. ಬರಿಗಾಲಲ್ಲಿ ಓಡಾಡಿ ಬೆಳೆದ ನಮ್ಮ ಕಡೆ ಮಕ್ಕಳ ಪಾದ ಮುಂದೆ ಅಗಲ ಇರ್ತದೆ ಅನ್ನೋದು ನನ್ನ ಅಂದಾಜು, ನಡುವಿನದ್ದರಿಂದ ಹಾಕಿ ನೋಡೋಕೆ ಶುರು ಮಾಡಿ.

ಹಳೇ ಸ್ಕೇಟ್ ತಗೋಬಾರದು ಅಂತಿಲ್ಲ. ಮಕ್ಕಳಿಗೆ ಅದೇ ಮೇಲು. ಆದ್ರೆ ಬೂಟಿನ ಮೇಲ್ಭಾಗ ಹಿಡಿದು ಎರಡು ಕಡೆಯಿಂದ ಹಿಂಡಿ ನೋಡಿ. ಮೆತ್ತಗೆ ಮಡಚಿಕೊಂಡ್ರೆ ಅದು ಬಾಳಿ ಮುಗಿದದ್ದು, ಬಿಟ್ಟಿ ಕೊಟ್ರೂ ಬೇಡ.

ಈಗ ಸಾಣೆ. ಅಣ್ಣಾ, ಮಂಡಿಪೇಟೆಗೆ ಮಾತ್ರ ತಗೊಂಡು ಹೋಗಬೇಡಿ! ಅವರ ಕೆಲಸ ಕೀಳು ಅಂತಲ್ಲ, ಅವರು ಮಾಡೋದೇ ಬೇರೆ. ಕತ್ತಿಗೆ ಒಂದೇ ಅಲಗು. ಸ್ಕೇಟಿನ ಬ್ಲೇಡು ಸುಮಾರು 3 ಮಿಲಿಮೀಟರ್ ದಪ್ಪ, ಅದಕ್ಕೆ ಒಳಗೊಂದು ಹೊರಗೊಂದು ಎರಡು ಅಂಚು, ಮಧ್ಯೆ ಉದ್ದಕ್ಕೂ ಕಾಲುವೆ. ಆ ಕಾಲುವೆ ಒಂದು ವೃತ್ತದ ತುಣುಕು. ಸಾಣೆ ಕಲ್ಲಿನ ಮೈಯನ್ನ ಡೈಮಂಡಿನಿಂದ ಅದೇ ಗುಂಡಗೆ ಕೆತ್ತಿ, ಅದರ ಮೇಲೆ ಬ್ಲೇಡನ್ನ ಉದ್ದಕ್ಕೆ ಓಡಿಸ್ತಾರೆ. ವೃತ್ತದ ತ್ರಿಜ್ಯ ಅರ್ಧ ಇಂಚು ಅಂತ ಹೇಳಿದ್ರೆ ಹೆಚ್ಚಿನ ಅಂಗಡಿಯಲ್ಲಿ ಮಾಮೂಲಿ ಸಾಣೆ ಸಿಗ್ತದೆ. 3/8 ಅಂದ್ರೆ ಕಾಲುವೆ ಆಳ, ಅಂಚು ಐಸ್ ಕಚ್ಚಿಕೊಳ್ತದೆ. 5/8 ಅಂದ್ರೆ ಆಳ ಕಮ್ಮಿ, ಜಾರಿಕೆ ಹೆಚ್ಚು. ಭಾರದ ಆಳಿಗೆ ಕಚ್ಚೋದು ತಾನಾಗೇ ಬರ್ತದೆ, 42 ಕೆಜಿ ಹುಡುಗಿಗೆ ಅರ್ಧ ಇಂಚು ಸರಿ, ಐಸ್ ತೀರಾ ಗಟ್ಟಿ ಇದ್ರೆ ಇನ್ನೊಂದು ಚೂರು ಆಳ. ಹೊಸ ಸ್ಕೇಟೂ ಪೆಟ್ಟಿಗೆಯಿಂದ ತೆಗೆದ ತಕ್ಷಣ ಆಡೋಕೆ ತಯಾರಿರಲ್ಲ, ಮೊದಲ ಸಾಣೆ ಹಿಡಿಸಲೇಬೇಕು.

ಇದಲ್ಲದೆ ಬ್ಲೇಡು ಮುಂದಿಂದ ಹಿಂದಕ್ಕೂ ಸ್ವಲ್ಪ ಬಾಗಿರ್ತದೆ. ತಿರುಗೋಕೆ ಆಗೋದು ಆ ಬಾಗಿನಿಂದ. ಕತ್ತಿ ಸಾಣೆಯವರು ಅದನ್ನ ನೆಟ್ಟಗೆ ಮಾಡಿಬಿಡ್ತಾರೆ, ಆಮೇಲೆ ಸರಿ ಮಾಡೋಕೆ ಇನ್ನಷ್ಟು ಉಕ್ಕು ಸವೆಸಬೇಕಾಗ್ತದೆ. ಒತ್ತಿ ಹಿಡಿದು ಉಕ್ಕು ನೀಲಿ ಬಣ್ಣಕ್ಕೆ ತಿರುಗಿದ್ರಂತೂ ಟೆಂಪರ್, ಅಂದ್ರೆ ಉಕ್ಕಿನ ಗಡಸು, ಹೋಯ್ತು, ಅಂಚು ನಿಲ್ಲಲ್ಲ.

ಸಾಣೆ ಸರಿಯಾಗಿದೆಯಾ ನೋಡೋದು ಹೀಗೆ. ಸ್ಕೇಟನ್ನ ತಲೆಕೆಳಗೆ ಹಿಡಿದು, ಎರಡೂ ಅಂಚಿನ ಮೇಲೆ ಕೂರೋ ಹಾಗೆ ಒಂದು ರೂಪಾಯಿ ನಾಣ್ಯ ಅಡ್ಡ ಇಡಿ, ಪಕ್ಕದಿಂದ ಮೂಲೆಮಟ್ಟ ಹಿಡಿರಿ. ನಾಣ್ಯ ಒಂದು ಕಡೆ ತಗ್ಗಿದ್ರೆ ಒಂದಂಚು ಎತ್ತರ, ಒಂದು ತಗ್ಗು. ಅಂಥ ಸ್ಕೇಟಲ್ಲಿ ಹುಡುಗಿ ಒಂದು ಕಡೆಗೆ ಚೆನ್ನಾಗಿ ತಿರುಗ್ತಾಳೆ, ಇನ್ನೊಂದು ಕಡೆಗೆ ಜಾರ್ತಾಳೆ, ನೋಡಿದವರು ಎಡಗಾಲು ವೀಕು ಅಂತಾರೆ. ಹರಿತ ನೋಡೋಕೆ ಹೆಬ್ಬೆರಳ ಉಗುರನ್ನ ಅಂಚಿಗೆ ಅಡ್ಡಲಾಗಿ ಮೆಲ್ಲಗೆ ಎಳೀರಿ, ಉಗುರಿನ ಪುಡಿ ಎದ್ರೆ ಸಾಕು. ಉದ್ದಕ್ಕೆ ಬೆರಳು ಓಡಿಸಬೇಡಿ, ಕುಯ್ಕೊಳ್ತದೆ.

ತುಕ್ಕು ಬಗ್ಗೆ: ಪಕ್ಕದ ಮೈಮೇಲೆ ಬಣ್ಣ ತಿರುಗಿದ್ರೆ ಚಿಂತೆ ಇಲ್ಲ. ಅಂಚಿನಲ್ಲೇ ಗುಳಿ ಬಿದ್ದಿದ್ರೆ ಅಷ್ಟು ಉಕ್ಕು ತೆಗೀಬೇಕಾಗ್ತದೆ. ಹೋಲ್ಡರಿನ (ಬ್ಲೇಡನ್ನ ಬೂಟಿಗೆ ಹಿಡಿದಿರೋ ಪ್ಲಾಸ್ಟಿಕ್ ಭಾಗ) ಕೆಳಗೆ ಉಕ್ಕು ಎಷ್ಟು ಉಳಿದಿದೆ ಅಂತ ಅಳತೆ ಪಟ್ಟಿ ಇಟ್ಟು ಫೋಟೋ ಕಳಿಸೋಕೆ ಹೇಳಿ. ತೀರಾ ಸವೆದಿದ್ರೆ ವಾಲಿದಾಗ ಪ್ಲಾಸ್ಟಿಕ್ ಹೋಲ್ಡರ್ರೇ ಐಸಿಗೆ ತಾಗಿ ಬೀಳ್ತಾಳೆ. ಈಗಿನ ಹೆಚ್ಚಿನ ಸ್ಕೇಟಲ್ಲಿ ಬ್ಲೇಡು ಮಾತ್ರ ಬಿಚ್ಚಿ ಬದಲಾಯಿಸಬಹುದು, ಅಳತೆ ಮಿಲಿಮೀಟರಲ್ಲಿ ಹೋಲ್ಡರ್ ಮೇಲೇ ಬರೆದಿರ್ತದೆ.

ಆಟ ಮುಗಿದ ಮೇಲೆ ಬಟ್ಟೆಯಿಂದ ಬ್ಲೇಡು, ಹೋಲ್ಡರಿನ ಸಂದು ಎಲ್ಲ ಒರೆಸ್ಬೇಕು, ಒಳಗಿನ ಅಟ್ಟೆ ತೆಗೆದು ಆರ ಹಾಕ್ಬೇಕು. ಗಟ್ಟಿ ಪ್ಲಾಸ್ಟಿಕ್ ಕವರು ನಡೆಯೋಕೆ ಮಾತ್ರ. ಅದನ್ನೇ ಹಾಕಿ ಚೀಲದೊಳಗಿಟ್ರೆ ಒಳಗಿನ ತೇವಕ್ಕೆ ರಾತ್ರಿ ಬೆಳಗಾಗೋದ್ರೊಳಗೆ ತುಕ್ಕು. ಇಡೋಕೆ ಬಟ್ಟೆಯ ಕವರು ಬೇರೆ.

ಸ್ಟಿಕ್ ಬಗ್ಗೆ ಚುಟುಕಾಗಿ ಹೇಳಿ ಮುಗಿಸ್ತೀನಿ, ಯಾಕಂದ್ರೆ ಅಲ್ಲಿ ದುಡ್ಡು ಸುರಿಯೋದು ಶೋಕಿ. ಈಗಿರೋ ಹಾಕಿ ಸ್ಟಿಕ್ ಆಗಲ್ಲ, ಗಿಡ್ಡ, ತುದಿಯೂ ಬೇರೆ. ಅಲ್ಲಿ ಹೊಡೆಯೋದು ಚೆಂಡಲ್ಲ, 3 ಇಂಚು ಅಗಲ 1 ಇಂಚು ದಪ್ಪದ ರಬ್ಬರ್ ಬಿಲ್ಲೆ. ಸ್ಕೇಟಿಲ್ಲದೆ ನಿಂತಾಗ ಮೂಗಿನ ತನಕ, ಹಾಕಿ ನಿಂತಾಗ ಗದ್ದದ ತನಕ ಉದ್ದ ಇರ್ಬೇಕು. ಬಾಗು ಎಷ್ಟು ಅನ್ನೋದಕ್ಕೆ ಫ್ಲೆಕ್ಸ್ ಅಂತ ನಂಬರಿದೆ, ಸ್ಟಿಕ್ಕನ್ನ ಒಂದು ಇಂಚು ಬಗ್ಗಿಸೋಕೆ ಬೇಕಾದ ಪೌಂಡ್ ಅದು. ದೇಹದ ತೂಕ ಪೌಂಡಲ್ಲಿ ತಗೊಂಡು ಅರ್ಧ ಮಾಡಿ. 42 ಕೆಜಿ ಅಂದ್ರೆ 92 ಪೌಂಡ್ ಚಿಲ್ಲರೆ, 45ರ ಆಸುಪಾಸಿನ ಜೂನಿಯರ್ ಸ್ಟಿಕ್ ಸಾಕು. ಮೇಲಿಂದ ಕೊಯ್ದಷ್ಟೂ ಗಡುಸಾಗ್ತದೆ, ಹಾಗಾಗಿ ದೊಡ್ಡವರದನ್ನ ತಂದು ಕೊಯ್ದು ಕೊಡಬೇಡಿ. ಅವಳು ಹುಲ್ಲಿನ ಹಾಕಿ ಆಡಿದವಳು, ಎಡಗೈ ಮೇಲೆ ಬಲಗೈ ಕೆಳಗೆ ರೂಢಿ. ರೈಟ್ ಅಂತ ಬರೆದದ್ದೇ ತಗೊಳ್ಳಿ. ಕೆನಡಾದಲ್ಲಿ ಲೆಫ್ಟ್ ಸ್ಟಿಕ್ಕೇ ಹೆಚ್ಚು ಹೋಗ್ತದೆ, ಬಲಗೈಯವರೂ ಅದನ್ನೇ ಹಿಡೀತಾರೆ, ಅದನ್ನ ನೋಡಿ ಗೊಂದಲ ಮಾಡ್ಕೋಬೇಡಿ. ಸಿಮೆಂಟ್ ಅಂಗಳದಲ್ಲಿ ಪ್ರಾಕ್ಟೀಸಿಗೆ ಅಗ್ಗದ ಮರದ ಸ್ಟಿಕ್ ಇರ್ಲಿ, ಕಾರ್ಬನ್ ನಾರಿನ ಕಾಂಪೋಸಿಟ್ ಸ್ಟಿಕ್ ಬೇಗ ಸವೀತದೆ.

ಹಾಂ, ಮುಖಕ್ಕೆ ಪೂರ್ತಿ ಜಾಲರಿ ಇರೋ ಹೆಲ್ಮೆಟ್ ಈ ಎಲ್ಲಕ್ಕಿಂತ ಮೊದಲು. ಅದು ಹೊಸದೇ ಆಗ್ಬೇಕು.

ಮಾಜಿ ಸುಬೇದಾರ್ (ಮುಳಬಾಗಿಲು):

ಲೇತ್ ತಮ್ಮ ಹೇಳಿದ್ದು ಸರಿ. ನಾನು ಲೇಹ್‌ನಲ್ಲಿ ಪೋಸ್ಟಿಂಗ್‌ನಲ್ಲಿದ್ದವನು, ಅಲ್ಲಿನದ್ದು ನಾಲ್ಕು ಮಾತು ಸೇರಿಸುತ್ತೇನೆ. ಒಳಾಂಗಣದ ಹಾಕಿ ಐಸ್ ಮೈನಸ್ ಐದರ ಆಸುಪಾಸು ಇರುತ್ತದೆ. ಲೇಹ್‌ನಲ್ಲಿ ಜನವರಿ ರಾತ್ರಿ ಮೈನಸ್ ಇಪ್ಪತ್ತಕ್ಕೂ ಇಳಿಯುವುದುಂಟು. ಕರ್ಜೂ ಕೊಳದಂಥ ಕಡೆ ತಾನಾಗಿ ಕಟ್ಟುವ ಐಸ್ ಕಲ್ಲಿನಂತಿರುತ್ತದೆ, ಮೇಲೆ ಗಾಳಿಗೆ ಬಂದ ಮಣ್ಣು ಬೇರೆ. ಆ ಮರಳು ಅಂಚನ್ನು ತಿಂದುಹಾಕುತ್ತದೆ. ಒಳಾಂಗಣದಲ್ಲಿ ಒಂದು ವಾರ ಬರುವ ಸಾಣೆ ಅಲ್ಲಿ ಬೇಗ ಹೋಗುತ್ತದೆ. ಐಸ್‌ಗೆ ಇಳಿಯುವ ತನಕ ಕವರು ತೆಗೆಯಲೇಬಾರದು.

ಇನ್ನೊಂದು, ಅಲ್ಲಿ ಕೋಣೆಯ ಮಧ್ಯೆ ಬುಖಾರಿ (ಚಳಿ ಕಾಯಿಸುವ ಒಲೆ) ಉರಿಯುತ್ತಿರುತ್ತದೆ. ಒದ್ದೆ ಬೂಟನ್ನು ಅದರ ಪಕ್ಕ ಇಡುವ ಚಪಲ ಎಲ್ಲರಿಗೂ. ಇಟ್ಟರೆ ಅಂಟು ಬಿಟ್ಟು, ಬೂಟಿನ ಆಕಾರ ಕೆಡುತ್ತದೆ. ದೂರದಲ್ಲಿ, ನೆರಳಲ್ಲಿ ಒಣಗಲಿ. ಮತ್ತೆ ಲೇಹ್ ಎತ್ತರ ಮೂರೂವರೆ ಸಾವಿರ ಮೀಟರ್, ಇಳಿದ ದಿನವೇ ಸ್ಕೇಟ್ ಕಟ್ಟಲು ಬಿಡಬೇಡಿ, ಮೊದಲು ಮಲಗಿ ಸುಧಾರಿಸಿಕೊಳ್ಳಲಿ.

ಹಿಂದೆ ನಮ್ಮ ಜವಾನರು ಮಿಲಿಟರಿ ಬೂಟಿಗೆ ಕಬ್ಬಿಣದ ಪಟ್ಟಿ ಬಡಿದುಕೊಂಡು ಆಡುತ್ತಿದ್ದರಂತೆ, ಹಳಬರು ಹೇಳುತ್ತಿದ್ದರು. ಈಗ ನೋಡಿ, 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಐಸ್ ಹಾಕಿ ಏಷ್ಯಾ ಕಪ್‌ನಲ್ಲಿ ನಮ್ಮ ಹೆಣ್ಣುಮಕ್ಕಳ ತಂಡ ಕಂಚು ಗೆದ್ದಿತು, ಹೆಚ್ಚಿನವರು ಲಡಾಖಿನವರೇ. ತುಮಕೂರಿನ ಮಗು ಅವರ ಜೊತೆ ಐಸ್‌ಗೆ ಇಳಿಯುತ್ತದೆ ಅಂದರೆ ನನಗಂತೂ ಬಲು ಖುಷಿ.

ಬಟವಾಡಿ ಅಪ್ಪ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 6ನೇ ಸೈಜ್ ಬಿಟ್ಟೆ. ಮಾರೋರು ಅವರ ಪರಿಚಯದವರ ಹತ್ರ 4.5 ಇದೆ ಅಂತ ಫೋಟೋ ಕಳಿಸಿದಾರೆ, ಉಕ್ಕು ಚೆನ್ನಾಗೇ ಉಳಿದಿರೋ ಹಂಗೆ ಕಾಣ್ತದೆ, ಸರಿ ಇಲ್ದಿದ್ರೆ ವಾಪಸ್ ತಗೋತಾರಂತೆ. ಲೇತ್ ಅಣ್ಣಾ, ಆ ಬೂಟು ಮೊದಲಿನವರ ಕಾಲಿಗೆ ಅಚ್ಚಾಗಿರ್ತದಲ್ವಾ? ಬಿಸಿ ಮಾಡಿ ಸರಿ ಮಾಡ್ತಾರೆ ಅಂತ ಯಾರೋ ಹೇಳಿದ್ರು, ಮನೆ ಓವನ್‌ನಲ್ಲಿ ಆಗ್ತದಾ? ಸಾಣೆಗೆ ನಿಮ್ಮ ಹತ್ರ ಬರಬಹುದಾ?

ಚಿಂತಾಮಣಿ ಲೇತು:

ಮನೆ ಓವನ್ ಮುಟ್ಟಬೇಡಿ. ಅಂಗಡಿಯವರ ಓವನ್ ಅದಕ್ಕಂತಲೇ ಇರೋದು, ಎಂಬತ್ತು ಡಿಗ್ರಿ ಸುಮಾರಿಗೆ ಕೆಲವೇ ನಿಮಿಷ. ಮನೆಯದ್ದರಲ್ಲಿ ಒಂದು ಮೂಲೆ ಬಿಸಿ ಒಂದು ಮೂಲೆ ತಣ್ಣಗೆ, ಹೋಲ್ಡರಿನ ಪ್ಲಾಸ್ಟಿಕ್ ಸೊಟ್ಟಗಾದ್ರೆ ಅಷ್ಟೂ ದುಡ್ಡು ನೀರಿಗೆ. ಬದಲಿಗೆ ದಿನಾ ಸಂಜೆ ಕವರು ಹಾಕಿ, ಕಾರ್ಪೆಟ್ ಮೇಲೆ ಮಂಡಿ ಬಗ್ಗಿಸಿ ಕೂತು ಏಳಲಿ, ಟಿವಿ ನೋಡ್ತಾ ಹಾಕ್ಕೊಂಡಿರ್ಲಿ. ಲೇಸನ್ನ ಪಾದದ ಗಂಟಿಗೆ ಸುತ್ತೋದು ಬೇಡ, ನಡುವೆ ಬಿಗಿ, ಬೆರಳ ಕಡೆ ಸಡಿಲ.

ಸಾಣೆಗೆ ಬನ್ನಿ. ಸ್ಕೇಟ್ ಹಿಡಿಯೋ ಫಿಕ್ಸ್ಚರ್ ನಾನೇ ಮಾಡಿಟ್ಕೊಂಡಿದೀನಿ, ಕಲ್ಲನ್ನ ಅರ್ಧ ಇಂಚಿನ ಗುಂಡಗೆ ಕೆತ್ತಿಟ್ಟಿರ್ತೀನಿ. ಅಂಚಿನಲ್ಲಿ ಏಳೋ ಮುಳ್ಳು ತೆಗೆಯೋಕೆ ಚಿಕ್ಕ ಕಲ್ಲೊಂದು ಕೊಡ್ತೀನಿ, ಲೇಹ್‌ನಲ್ಲಿ ಮಣ್ಣು ತಾಗಿದ ಮೇಲೆ ಪಕ್ಕದ ಮೈಗೆ ಚಪ್ಪಟೆಯಾಗಿ ಇಟ್ಟು ಮೆಲ್ಲಗೆ ಎರಡು ಸಲ ಎಳೆದ್ರೆ ಸಾಕು, ಅವಳಿಗೇ ತೋರಿಸಿಕೊಡ್ತೀನಿ. ವಿಮಾನದಲ್ಲಿ ಸ್ಕೇಟ್ ಚೆಕ್-ಇನ್ ಬ್ಯಾಗಿಗೇ ಹಾಕಿ. ಭಾನುವಾರ ಮಧ್ಯಾಹ್ನದ ತನಕ ಷಟರ್ ತೆಗೆದಿರ್ತೀನಿ. ಮಗಳನ್ನ ಬಿಟ್ಟು ಬರೀ ಸ್ಕೇಟ್ ತರಬೇಡಿ, ಬೂಟು ಅವಳ ಕಾಲಿಗೆ ಹಾಕಿಸಿ ನೋಡದೆ ನಾನು ಕಲ್ಲು ತಾಗಿಸಲ್ಲ.