ಕ್ಲಿಪ್ ಹಾಕಿರೋ ಹಲ್ಲಿಗೆ ಬ್ಯಾಟರಿ ಬ್ರಷ್ ಬೇಕಾ?

ಶಶಿ, ಅನುಗೆ ಕ್ಲಿಪ್ ಹಾಕಿಸಿದ ಮೇಲೆ ವಸಡು ಊದ್ಕೊಂಡಿದೆ, ಉಜ್ಜಿದ್ರೆ ರಕ್ತ ಬರುತ್ತೆ, ಬ್ಯಾಟರಿ ಬ್ರಷ್ ತರ್ಲಾ ಅಂತ ಕೇಳಿದ್ಯಲ್ಲ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳು.

ಮೊದಲು ದೊಡ್ಡಪ್ಪಂಗೆ ಒಂದು ಮಾತು. ರಕ್ತ ನಿಲ್ಲೋ ತನಕ ಆ ಜಾಗ ಉಜ್ಜೋದು ಬೇಡ ಅಂದ್ರಿ, ದಯವಿಟ್ಟು ಹಾಗೆ ಮಾಡಿಸ್ಬೇಡಿ. ಇಂಥ ಕಡೆ ರಕ್ತ ಬರೋದು ಹೆಚ್ಚಾಗಿ ವಸಡಿನ ಅಂಚಲ್ಲಿ ಕೊಳೆ ಕೂತಿರೋದ್ರಿಂದ. ಬಿಟ್ಟಷ್ಟೂ ಊತ ಜಾಸ್ತಿ. ಮೆತ್ತಗೆ, ಆದ್ರೆ ಒಂದು ದಿನಾನೂ ತಪ್ಪಿಸದೆ ಉಜ್ಜಿದ್ರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಕಡಿಮೆಯಾಗುತ್ತೆ.

ಈಗ ಬ್ರಷ್ ವಿಷಯ. ಹಲವು ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದ 2014ರ ಕಾಕ್ರೇನ್ ಪರಿಶೀಲನೆ ಪ್ರಕಾರ, ಮೂರು ತಿಂಗಳು ದಾಟಿದ ಮೇಲೆ ಕೈ ಬ್ರಷ್‌ಗಿಂತ ಎಲೆಕ್ಟ್ರಿಕ್ ಬ್ರಷ್‌ನಲ್ಲಿ ಹಲ್ಲಿನ ಕೊಳೆ 21%, ವಸಡಿನ ಉರಿಯೂತ 11% ಕಡಿಮೆ. ಆದ್ರೆ ಅದು ಎಲ್ಲ ತರದ ಜನರ ಲೆಕ್ಕ. ಕ್ಲಿಪ್ ಹಾಕಿದವರ ಮೇಲಷ್ಟೇ ಮಾಡಿದ ಅಧ್ಯಯನಗಳಲ್ಲಿ ಫಲಿತಾಂಶ ಒಂದೇ ಸಮ ಇಲ್ಲ. ನನ್ನ ಪ್ರಕಾರ, ಅನು ಸ್ಕೂಲಿಗೆ ಹೊರಡೋ ಆತುರದಲ್ಲಿ ಗಸಗಸ ಉಜ್ಜೋ ಹುಡುಗಿಯಾದ್ರೆ ತಗೋ, ಟೈಮರ್ ಇರೋದು, ಒತ್ತಿದ್ರೆ ಎಚ್ಚರಿಸೋದು. ನಿಧಾನವಾಗಿ ಉಜ್ತಾಳೆ ಅಂದ್ರೆ ಮೆತ್ತನೆ ಎಳೆಯ, ಚಿಕ್ಕ ತಲೆಯ ಕೈ ಬ್ರಷ್ಷೇ ಸಾಕು. ಕ್ಲಿಪ್‌ಗೇ ಅಂತ ಮಧ್ಯದ ಸಾಲು ತಗ್ಗಾಗಿರೋ ಬ್ರಷ್ ಮೆಡಿಕಲ್ ಶಾಪಲ್ಲಿ ಸಿಗುತ್ತೆ.

ಯಾವುದೇ ತಂದ್ರೂ ಕಣ್ಣಿಡಬೇಕಾದ ಜಾಗ ಒಂದೇ: ಬ್ರಾಕೆಟ್‌ಗೂ ವಸಡಿಗೂ ನಡುವಿನ ಆ ಕಿರಿದಾದ ಪಟ್ಟಿ (ಬ್ರಾಕೆಟ್ ಅಂದ್ರೆ ಹಲ್ಲಿಗೆ ಅಂಟಿಸಿ ತಂತಿ ಹಿಡಿದಿಡೋ ಚಿಕ್ಕ ತುಂಡು). ಬ್ರಷ್ ಬ್ರಾಕೆಟ್ ಮೇಲೆ ಜಾರಿ ಹೋಗಿಬಿಡುತ್ತೆ, ಕೆಳಗೆ ಬಿಳಿ ಕೊಳೆ ಹಾಗೇ ಉಳಿಯುತ್ತೆ. ಕೈ ಬ್ರಷ್ ಆದ್ರೆ ಎಳೆಗಳನ್ನ ವಸಡಿನ ಕಡೆ 45 ಡಿಗ್ರಿ ಓರೆ ಮಾಡಿ, ಇದ್ದಲ್ಲೇ ಸಣ್ಣದಾಗಿ ಅಲ್ಲಾಡಿಸ್ಬೇಕು. ಆಮೇಲೆ ಬ್ರಾಕೆಟ್‌ನ ಮೇಲಂಚಿಂದ ಕೆಳಕ್ಕೆ, ಕೆಳಂಚಿಂದ ಮೇಲಕ್ಕೆ. ಎಲೆಕ್ಟ್ರಿಕ್ ಆದ್ರೆ ಕೈ ಆಡಿಸ್ಲೇಬಾರದು. ಕೈ ಬ್ರಷ್ ತರ ಎಳೆದಾಡಿದ್ರೆ ಅದು ಯಾವ ಜಾಗದಲ್ಲೂ ನಿಂತು ಕೆಲಸ ಮಾಡಲ್ಲ. ಒಂದೊಂದೇ ಹಲ್ಲು: ಮೊದಲು ವಸಡಿನಂಚು, ಆಮೇಲೆ ಬ್ರಾಕೆಟ್‌ನ ಮೇಲೆ, ಕೆಳಗೆ, ಒಂದೊಂದು ಕಡೆ ಎರಡು ಸೆಕೆಂಡ್ ಹಿಡಿದು ಮುಂದಕ್ಕೆ. ಒಳಬದಿ ಮರೀಬಾರದು. ಟೈಮರ್ ಎರಡು ನಿಮಿಷಕ್ಕೆ ನಿಲ್ಲುತ್ತೆ, ಕ್ಲಿಪ್ ಇರೋವಾಗ ಅದು ಸಾಲಲ್ಲ, ಇನ್ನೊಂದು ಸಲ ಆನ್ ಮಾಡ್ಲಿ. ತಂತಿಗೆ ಸಿಕ್ಕಿ ಎಳೆಗಳು ಬೇಗ ಕೆದರುತ್ವೆ. ಮೂರು ತಿಂಗಳು ಅಂತ ಕಾಯದೆ, ಕೆದರಿದ ದಿನವೇ ಬದಲಾಯಿಸು. ಬ್ರಷ್‌ಗೆ ಬ್ರಾಕೆಟ್ ಕಿತ್ಕೊಂಡು ಬರುತ್ತೆ ಅನ್ನೋ ಭಯ ಬೇಡ. ಅದನ್ನ ಕೀಳೋದು ಚಕ್ಕುಲಿ, ಕೋಡುಬಳೆ, ಕಬ್ಬು.

ಬ್ಯಾಟರಿ ಬ್ರಷ್‌ಗಿಂತ ಮೊದಲು ತರಬೇಕಾದ್ದು ಸಂದಿ ಬ್ರಷ್, ಇಂಟರ್‌ಡೆಂಟಲ್ ಅಂತ ಕೇಳು. ಅದು ಇಲ್ದೆ ಇವೆರಡೂ ಅರ್ಧ ಕೆಲಸವೇ. ದಿನಾ ರಾತ್ರಿ ತಂತಿಯ ಹಿಂದೆ ಮೇಲಿಂದ ತೂರಿಸಿ, ಬ್ರಾಕೆಟ್‌ನ ಎರಡೂ ಪಕ್ಕ ನಾಲ್ಕೈದು ಸಲ, ಆಮೇಲೆ ಕೆಳಗಿಂದ. ಹೋಗದ ಕಡೆ ಬಲವಂತ ಬೇಡ, ಚಿಕ್ಕ ಸೈಜ್ ತಗೋ. ನೀರು ಚಿಮ್ಮೋ ಯಂತ್ರ ಅನ್ನದ ಅಗುಳು, ಸೊಪ್ಪಿನ ನಾರು ತೆಗೆಯುತ್ತೆ, ಆದ್ರೆ ಅಂಟಿದ ಕೊಳೆಗೆ ಬ್ರಷ್ಷೇ ಆಗ್ಬೇಕು.

ಪೇಸ್ಟ್ ಫ್ಲೋರೈಡ್ ಇರೋದು, 1000 ಪಿಪಿಎಂ (ಫ್ಲೋರೈಡ್ ಎಷ್ಟಿದೆ ಅನ್ನೋ ಅಳತೆ) ಮೇಲಿರ್ಲಿ. ಉಗಿದ ಮೇಲೆ ಚೊಂಬುಗಟ್ಟಲೆ ನೀರಲ್ಲಿ ಮುಕ್ಕಳಿಸೋದು ಬೇಡ, ಫ್ಲೋರೈಡ್ ತೊಳೆದುಹೋಗುತ್ತೆ. ಕೊಳೆ ನಿಂತ್ರೆ ಬ್ರಾಕೆಟ್ ಸುತ್ತ ಒಂದೇ ತಿಂಗಳಲ್ಲಿ ಬಿಳಿ ಕಲೆ ಶುರುವಾಗ್ಬಹುದು, ಕ್ಲಿಪ್ ತೆಗೆದ್ರೂ ಹೋಗೋದು ಕಷ್ಟ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ನೀನಾಗೇ ತರಬೇಡ, ತುಂಬ ದಿನ ಹಾಕಿದ್ರೆ ಹಲ್ಲು ಕಂದುತ್ತೆ.

ಇಷ್ಟು ಮಾಡಿ ಎರಡು ವಾರ ಆದ್ರೂ ರಕ್ತ ನಿಲ್ದಿದ್ರೆ, ಅಥವಾ ವಸಡು ಬೆಳೆದು ಬ್ರಾಕೆಟ್ ಮೇಲೇ ಹತ್ತಿದ್ರೆ, ತಂತಿ ಬಿಗಿ ಮಾಡ್ಸೋ ದಿನದ ತನಕ ಕಾಯ್ಬೇಡ, ಡಾಕ್ಟರಿಗೆ ತೋರಿಸಿ ಕ್ಲೀನಿಂಗ್ ಮಾಡಿಸು. ಹೋಗೋವಾಗ ಅವಳ ಬ್ರಷ್ ತಗೊಂಡು ಹೋಗು, ಅವರೆದುರಿಗೇ ಉಜ್ಜಿ ತೋರಿಸ್ಲಿ.